ಗುಲಗಂಜಿ ಹುಳದ ಬೆನ್ನಿನ ಬೂಷ್ಟು

ನನ್ನ ಪಾಡಿಗೆ ನಾನು ತೆಪ್ಪಗ ಕೆಲಸ ಮಾಡಬೇಕು ಅಂತೀನಿ, ಆದ್ರ ಎದಿ ಧಸಕ್ಕನಿಸೋ ಪ್ರಸಂಗ ಒಂದಿಲ್ಲೊಂದು ಬಾಗಲಕ್ಕ ಬಂದು ನಿಂತಿರತೈತಿ. ಇರೋದು ಮುಂಬೈಯ ಸಯನ್‌ನ್ಯಾಗ, ಪಾಠ ಹೇಳೋದು ಭಾಂಡುಪಿನ ಒಂದು ಕಾಲೇಜಿನ್ಯಾಗ. ಅದರ ಜೋಡಿ ನನಗೊಂದು ಹುಚ್ಚು: ಜೀರುಂಡೆಗಳ ಮೈಮ್ಯಾಲೆ ಬೆಳೆಯೋ ಬೂಷ್ಟು ಹುಡುಕೋದು. ಹಳಸಿದ ರೊಟ್ಟಿ ಮ್ಯಾಲೆ ಬರತೈತಲ್ಲ, ಅದರ ದೂರದ ಬಳಗ. ಇದು ಜೀವಂತ ಹುಳದ ಬೆನ್ನಿಗೆ ಅಂಟಿಕೊಂಡು ಅದರ ರಸಾ ಹೀರಿ ಬದುಕತೈತಿ. ಸೂಕ್ಷ್ಮದರ್ಶಕ ಇಲ್ಲದೇ ಖಾತ್ರಿ ಗುರುತು ಸಿಗಂಗಿಲ್ಲ. ನಮ್ಮ ಮುಂಬೈಯಾಗೂ ಇದು ಐತಿ ಅಂತ ಪುರಾವೆ ಸಮೇತ ದಾಖಲೆ ಮಾಡಸಬೇಕು ಅನ್ನೋದು ನನ್ನ ಬಾಳ ವರ್ಷದ ಹಟ. "ನಿನಗ ಬ್ಯಾರೆ ಏನೂ ಸಿಗಲಿಲ್ಲೇನು?" ಅಂತ ಬಳಗದವರೆಲ್ಲಾ ಕೇಳಿ ಸುಸ್ತಾಗ್ಯಾರ.

ಸಂಜೀ ಲೋಕಲ್

ಭಾಂಡುಪಿನಿಂದ ವಾಪಸ್ ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಾದಾಗ ಉಸಿರಾಡಲಿಕ್ಕೂ ಜಾಗ ಇರಲಿಲ್ಲ. ನನ್ನ ಮುಂದ ನಿಂತ ಹೆಣ್ಣಮಗಳ ಬೆನ್ನ ಮ್ಯಾಲೆ ಒಂದು ಗುಲಗಂಜಿ ಹುಳ ಕೂತಿತ್ತು. ಕೆಂಪು ಮೈ, ಕರೀ ಚುಕ್ಕಿ. ಅದೂ ಜೀರುಂಡೆ ಜಾತಿದೇ. ಕೊರಳಾಗ ನೇತಾಡೋ ಭೂತಗನ್ನಡಿ ಹಿಡದು ಬಗ್ಗಿ ನೋಡಿದೆ. ರೆಕ್ಕಿ ತುದಿಗೆ ಹಳದೀ ಕೂದಲಿನಂಥ ಎಳಿ! ಶಿವನ! ಭೂತಗನ್ನಡಿ ಇನ್ನೂ ಹತ್ತಿರ ಒಯ್ದೆ.

ಆಕಿ ಗಕ್ಕನ ಹೊಳ್ಳಿ ನೋಡಿ, "ಏನ್ರೀ ನೋಡಾಕ ಹತ್ತೀರಿ?" ಅಂತ ಹಿಂದಿಯೊಳಗ ಚೀರಿದ್ಲು.

"ಅಳ್ಳಾಡಬ್ಯಾಡ್ರಿ! ನಿಮ್ಮ ಬೆನ್ನ ಮ್ಯಾಲೆ ಬೂಷ್ಟು ಐತಿ!" ಅಂದೆ ನಾನೂ ಹಿಂದಿಯೊಳಗ.

"ಅಯ್ಯಯ್ಯೋ! ನನಗ?"

"ನಿಮಗಲ್ರೀ, ಹುಳಕ್ಕ. ಇದು ಮೈಗೆ ಮೈ ತಾಗಿದ್ರ ಅಂಟತೈತಿ. ಗಂಡು ಹೆಣ್ಣು ಕೂಡಿದಾಗಂತೂ ಗ್ಯಾರಂಟಿ."

ಪಾಠ ಹೇಳಿ ಹೇಳಿ ಬೆಳೆದ ಧ್ವನಿ ನಂದು, ಡಬ್ಬಾ ತುಂಬ ಕೇಳಿಸ್ತು. ಹುಳಾನ ಸಣ್ಣ ಸೀಸೆಯೊಳಗ ಹಾಕ್ಕೊಂಡು ತಲಿ ಎತ್ತಿ ನೋಡ್ತೀನಿ, ನನ್ನ ಸುತ್ತ ಒಬ್ಬರೂ ಇಲ್ಲ! ಸಂಜೀ ಲೋಕಲ್‌ನ್ಯಾಗ ನಾನು ಕಾಲು ಚಾಚಿ ಕೂತು ಸಯನ್ ಮುಟ್ಟಿದ್ದು ಅವತ್ತೊಂದೇ ದಿನ.

ಹಬ್ಬದ ಜಳಕಾ

ಮರುದಿನ ಕಾಲೇಜಿನ ಸೂಕ್ಷ್ಮದರ್ಶಕಕ್ಕ ಮೊಬೈಲ್ ಹಚ್ಚಿ ಒಂದು ಫೋಟೊ ಹೊಡಕೊಂಡೆ. ಹುಳ ಅಷ್ಟರಾಗ ಸತ್ತಿತ್ತು. ಬೂಷ್ಟಿನ ಎಳಿ ಬಿಡಿಸಿ ಗಾಜಿನ ಪಟ್ಟಿ ಮ್ಯಾಲೆ ಕೂಡಿಸೋದು ಬಾಳ ನಾಜೂಕಿನ ಕೆಲಸ. ದೀಪಾವಳಿ ಸೂಟಿಯೊಳಗ ನಿವಾಂತ ಕೂತು ಮಾಡಿದ್ರಾತು ಅಂತ ಹುಳಾನ ಹತ್ತಿಯೊಳಗಿಟ್ಟು, ಡಬ್ಬಿ ಮುಚ್ಚಿ ಮನಿಗೆ ತಂದೆ.

ನಮ್ಮ ಅತ್ತಿ ವಿಜಾಪುರದವರು. ನರಕ ಚತುರ್ದಶಿ ಮುಂಜಾನೆ ಎಲ್ಲಾರ ತಲಿಗೂ ಎಣ್ಣಿ ಹಚ್ಚೋದು ಅವರದೇ ಕಾರಭಾರ. ನಾನು ಜಳಕಾ ಮುಗಿಸಿ ಬಂದ್ರ ಡಬ್ಬಿ ಬಾಯಿ ತೆರದೈತಿ, ಹುಳ ಮಿರಿಮಿರಿ ಮಿಂಚಾಕ ಹತ್ತೈತಿ, ಬೂಷ್ಟಿನ ಎಳಿ ಒಂದೂ ಇಲ್ಲ!

"ಅತ್ತೀ! ಏನ್ ಮಾಡಿದ್ರಿ ಇದಕ್ಕ?"

"ನಿನ್ನ ಭೂತಗನ್ನಡಿಯಾಗ ನೋಡಿದೆ. ಪಾಪ, ಬೂಷ್ಟು ಹಿಡದಿತ್ತು. ಹತ್ತಿಗೆ ಕೊಬ್ಬರಿ ಎಣ್ಣಿ ಹಚ್ಚಿ ಒರಸಿದೆ. ವರ್ಷದ ಹಬ್ಬ, ಮನ್ಯಾಗಿದ್ದವರಿಗೆಲ್ಲಾ ಎಣ್ಣಿ ಆತು. ಇದನ್ನೊಂದು ಯಾಕ ಬಿಡಬೇಕು?"

"ಅದು ಸತ್ತೈತ್ರೀ!"

"ಸತ್ತವರಿಗೂ ಜಳಕಾ ಮಾಡಸತೀವಲ್ಲ ಯವ್ವಾ."

ನಾನು ಅಲ್ಲೇ ಕುಸದು ಕೂತು ಗೋಳೋ ಅಂತ ಅತ್ತೆ. ಅತ್ತಿ ಹೌಹಾರಿ ನನ್ನ ಬೆನ್ನು ಸವರಿದ್ರು. "ಇಷ್ಟಕ್ಯಾಕ ಅಳ್ತಿ? ಮಳಿಗಾಲ ಬರ್ಲಿ, ನಮ್ಮ ಉಪ್ಪಿನಕಾಯಿ ಭರಣಿಯಾಗಿಂದು ಬೇಕಾದಷ್ಟು ತಗೋ."

ಸೊಸೈಟಿಯ ಚುರುಕು

ಉಳಿದ ಪುರಾವೆ ಅಂದ್ರ ಮೊಬೈಲ್‌ನ್ಯಾಗಿನ ಒಂದೇ ಫೋಟೊ. ಇನ್ನೊಂದು ಹುಳ ಸಿಕ್ಕೀತೇನೋ ಅಂತ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿದೆ: "ಕೆಳಗಿನ ಗಿಡದಾಗ ಬೆನ್ನಿಗೆ ಬೂಷ್ಟು ಹಿಡಿದ ಕೆಂಪು ಹುಳ ಕಂಡ್ರ ತಿಳಸ್ರಿ, ಬಾಳ ಅರ್ಜೆಂಟ್."

ಸಂಜೀಕ ಕೆಳಗಿಳದು ನೋಡಿದ್ರ, ಪೆಸ್ಟ್ ಕಂಟ್ರೋಲ್‌ನವರು ಬೆನ್ನಿಗೆ ಡಬ್ಬಾ ಕಟಗೊಂಡು ಗಿಡಕ್ಕೆಲ್ಲಾ ಔಷಧ ಹೊಡೀಲಿಕ್ಕೆ ಹತ್ಯಾರ! ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ನಕ್ಕೋತ ಬಂದು, "ಮ್ಯಾಡಮ್, ಒಂದು ಹುಳಾನೂ ಉಳಿಯಂಗಿಲ್ಲ, ನೀವು ಚಿಂತಿ ಬಿಡ್ರಿ" ಅಂದ್ರು.

ನಮ್ಮ ಬಾತ್‌ರೂಮ್ ಸೋರತೈತಿ ಅಂತ ನಾನು ವರ್ಷಗಟ್ಟಲೆ ಕಂಪ್ಲೇಂಟ್ ಮಾಡಾಕ ಹತ್ತೀನಿ. ಅದನ್ನ ನೋಡಾಕ ಇನ್ನೂ ಯಾರೂ ಬಂದಿಲ್ಲ.

ಚೊಲೋ ಬರಬೇಕು ಅಂದಿದ್ದೆ

ವಡಾಲದ ಕಾಲೇಜೊಂದರಾಗ ಸೆಮಿನಾರ್ ಇತ್ತು. ಹುಳ ಕೈಬಿಟ್ರೂ ಫೋಟೊ ಇಟ್ಟು ಪೋಸ್ಟರ್ ಹಚ್ಚಬಹುದಿತ್ತು. ನೋಡಾಕ ಬರೋ ಹಿರಿಯ ತಜ್ಞರು ಒಪ್ಪಿದ್ರ ದಾಖಲೆ ಆದಂಗ. ಇಲ್ಲಾಂದ್ರ ಇಷ್ಟು ವರ್ಷದ ಹುಡುಕಾಟ ನೀರಾಗ ಹೋಮ. ಪೋಸ್ಟರ್ ಮಾಡಸಾಕ ನಮ್ಮ ಸ್ಟೇಷನ್ ಹತ್ತಿರ ಸ್ಟುಡಿಯೋ ಇಟ್ಟ ಬೆಳಗಾವಿಯವರ ಕಡೆ ಹೋದೆ. ಲಗ್ನದ ಆಲ್ಬಮ್, ಪಾಸ್‌ಪೋರ್ಟ್ ಫೋಟೊ, ಬ್ಯಾನರ್, ಎಲ್ಲಾ ಅವರೇ ಮಾಡ್ತಾರ. "ಹುಳದ ಫೋಟೊ ದೊಡ್ಡದು ಮಾಡ್ರಿ, ಮೂಲ್ಯಾಗ ನಂದೊಂದು ಹಾಕ್ರಿ, ಚೊಲೋ ಬರಬೇಕು ನೋಡ್ರಿ" ಅಂತ ಹೇಳಿ ಬಂದೆ.

ಸುರುಳಿ ಸುತ್ತಿ ಕೊಟ್ಟ ಪೋಸ್ಟರನ್ನ ನಾನು ಬಿಚ್ಚಿದ್ದು ಸೆಮಿನಾರ್ ಹಾಲಿನ ಗ್ವಾಡಿ ಮುಂದ. ಮ್ಯಾಲೆ ದಪ್ಪ ಅಕ್ಷರದಾಗ ಬೂಷ್ಟಿನ ಹೆಸರು. ಕೆಳಗ ಬೂಷ್ಟೇ ಇಲ್ಲ! ಹುಳದ ಕರೀ ಚುಕ್ಕಿನೂ ಇಲ್ಲ! ಟೊಮೆಟೊ ಇದ್ದಂಗ ನುಣ್ಣಗ, ಕೆಂಪಗ ಕೂತೈತಿ. ಅಲ್ಲಿಂದಲೇ ಸ್ಟುಡಿಯೋಕ್ಕ ಫೋನ್ ಹಚ್ಚಿದೆ.

"ಏನ್ರೀ ಇದು ಅನಾಹುತ!"

"ಚೊಲೋ ಬಂತಲ್ಲ ವೈನಿ? ಕೂದಲಾ ಇದ್ವು, ಕರೀ ಕಲಿ ಇದ್ವು, ಎಲ್ಲಾ ತಗದು ಕ್ಲೀನ್ ಮಾಡೀನಿ. ಲಗ್ನದ ಹುಡುಗಿ ಫೋಟೊಕ್ಕೂ ನಾ ಇಷ್ಟು ಕಷ್ಟಪಟ್ಟಿಲ್ಲ."

ಅಷ್ಟರಾಗ ತಜ್ಞರು ಬಂದೇ ಬಿಟ್ರು. ಧಾರವಾಡದ ಕಡೆಯವರು. ಕನ್ನಡಕ ಏರಿಸಿ ಪೋಸ್ಟರಿಗೆ ಮೂಗು ತಾಗಿಸಿ ನೋಡಿದ್ರು. "ಎಲ್ಲೈತ್ರಿ ಬೂಷ್ಟು?"

ನಾನು ತಡಬಡಿಸಿ, "ಸ್ಟುಡಿಯೋದಂವ ಅಳಿಸ್ಯಾನ್ರಿ" ಅಂತ ಮೊಬೈಲ್‌ನ್ಯಾಗಿನ ಮೂಲ ಫೋಟೊ ತೋರಿಸಿದೆ. ಅವರು ಮುಖ ಗಂಟು ಹಾಕಿದ್ರು. "ಮ್ಯಾಡಮ್ಮಾರ, ಒಂದ್ರಾಗ ಐತಿ, ಒಂದ್ರಾಗ ಇಲ್ಲ. ಪೋಸ್ಟರಿನ್ಯಾಗ ತಗದಾರೋ, ಮೊಬೈಲ್‌ನ್ಯಾಗ ಸೇರಿಸ್ಯಾರೋ, ನನಗ ಹೆಂಗ ತಿಳೀಬೇಕು? ಹುಳಾನ ತೋರಸ್ರಿ."

"ಹುಳಕ್ಕ... ಎಣ್ಣಿ ಸ್ನಾನ ಆಗೈತ್ರಿ ಸರ್."

ಅವರು ನನ್ನ ನೋಡಿದ ರೀತಿಗೆ ಭೂಮಿ ಬಾಯಿ ಬಿಡಬಾರದೇ ಅನಿಸ್ತು. ಸುಳ್ಳು ಫೋಟೊ ಮಾಡಿದಾಕಿ ಅಂತ ಹೆಸರು ಬರೋದು ಖಾತ್ರಿ ಆತು. ಕಣ್ಣಾಗ ನೀರು ತುಂಬಿದ್ವು. ಅವರು ಹೊರಡಲಿಕ್ಕೆ ಹೊಳ್ಳಿದವರು ಪೋಸ್ಟರಿನ ಕೆಳಗಿನ ಮೂಲಿ ನೋಡಿ ನಿಂತ್ರು. ಅಲ್ಲಿ ಹಾಲು ಬಿಳುಪಿನ, ಕೆಂಪು ತುಟಿಯ, ಮುಖದಾಗ ಒಂದು ಗೆರಿ ಇಲ್ಲದ ಹುಡುಗಿ ನಗಾಕ ಹತ್ತಿದ್ಲು.

"ಇಕೀ ಯಾರು? ನಿಮ್ಮ ಮಗಳೇನು?"

"ಅಲ್ರೀ ಸರ್... ನಾನೇ."

ಅವರು ಫೋಟೊ ನೋಡಿದ್ರು, ನನ್ನ ನೋಡಿದ್ರು, ಮತ್ತ ಫೋಟೊ ನೋಡಿದ್ರು. ಆಮ್ಯಾಲೆ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು.

"ಮೊಬೈಲ್‌ನ್ಯಾಗಿಂದೇ ಖರೇ ಅಂತ ಒಪ್ಪಿದೆ ಮ್ಯಾಡಮ್ಮಾರ, ದಾಖಲೆ ಮಾಡಸ್ರಿ," ಅಂದ್ರು ಕಣ್ಣು ಒರಸಿಕೋತ. "ನಿಮಗ ಇಷ್ಟು ಮಾಡಿದಂವ ಆ ಹುಳಾನ ಬಿಟ್ಟಾನೇನು!"