ನನ್ನ ಕೊಳಕು ಕೈಯ ಜಾಡು ಹಿಡಿದ ಯಂತ್ರ ಮಹಾಶಯರಿಗೆ

ಮಾನ್ಯರೇ,

ಉತ್ತರ ಸ್ವೀಡನ್ನಿನ ನಮ್ಮ ಸರ್ಕಾರಿ ಪ್ರಯೋಗಾಲಯದಲ್ಲಿ, ಹೊರಗೆ ಎಷ್ಟೇ ಹಿಮ ಸುರಿದರೂ ಹದ ತಪ್ಪದ ಕೋಣೆಯೊಂದರಲ್ಲಿ ವಿರಾಜಮಾನರಾಗಿರುವ ತಮಗೆ, ಪಕ್ಕದ ಕೋಣೆಯಲ್ಲಿ ನಡುಗುತ್ತಿರುವ ರಸಾಯನತಜ್ಞ ಸಿಕ್ಸ್ಟೆನ್ ಓಡ್ಬರ್ಗ್ ಮಾಡುವ ಅನಂತ ನಮಸ್ಕಾರಗಳು.

ಯಾವುದೇ ವಿಷರಾಸಾಯನಿಕದಲ್ಲಿ ಉಳಿದ ಕಶ್ಮಲದ ಜಾಡು ಹಿಡಿದು, ಅದನ್ನು ತಯಾರಿಸಿದ ಕೈ ಯಾರದೆಂದು ಹೇಳುವುದು ತಮ್ಮ ಕಸುಬು. ತಮ್ಮ ಈ ಸಾಮರ್ಥ್ಯ ಸಾಬೀತಾಗದಿದ್ದರೆ ಸರ್ಕಾರದ ಅನುದಾನ ನಿಂತು ನಾವೆಲ್ಲ ಮನೆಗೆ ಹೋಗಬೇಕಿತ್ತು. ಆದ್ದರಿಂದ ವಿಷದ ಬದಲು ನಿರುಪದ್ರವಿ ಪುಡಿಯೊಂದನ್ನು ನಾನೂ ಸಹೋದ್ಯೋಗಿ ಗುನ್ವೊರಳೂ ಬೇರೆ ಬೇರೆಯಾಗಿ ತಯಾರಿಸಿ, ಹೆಸರಿಲ್ಲದ ಸೀಸೆಗಳಲ್ಲಿ ತಮ್ಮ ಮುಂದಿಟ್ಟೆವು. "ನನ್ನ ಕೆಲಸದಲ್ಲಿ ಕಸ ಹುಡುಕೋಕೆ ಆ ಡಬ್ಬದ ಕೈಲಿ ಆಗೋದೇ ಇಲ್ಲ" ಎಂದು ಅನುದಾನ ಸಮಿತಿಯೆದುರು ಜಂಬ ಕೊಚ್ಚಿದವನು ನಾನೇ. ಡಬ್ಬ ಎಂದದ್ದಕ್ಕೆ ಕ್ಷಮೆಯಿರಲಿ.

ತಾವು ನನ್ನ ಸೀಸೆಗಳನ್ನೆಲ್ಲ ಚಕಚಕನೆ ಬೇರ್ಪಡಿಸಿ, ಇವನು ಕೆಲಸದ ನಡುವೆ ಎದ್ದುಹೋಗುವವ, ಪಾತ್ರೆ ನೆಟ್ಟಗೆ ತೊಳೆಯದವ ಎಂದು ಸಾರುವ ಗೆರೆಗಳನ್ನು ಪರದೆಯ ಮೇಲೆ ಎಳೆದೇಬಿಟ್ಟಿರಿ. ಮಧ್ಯಾಹ್ನದ ಫಿಕಾ ಎಂಬ ನಮ್ಮ ಕಾಫಿ ವಿರಾಮದ ಹೊತ್ತಾಯಿತೆಂದರೆ ಒಲೆ ಮೇಲಿನದನ್ನು ಅದರ ಪಾಡಿಗೆ ಬಿಟ್ಟು, ಕಾಫಿಗೂ ದಾಲ್ಚಿನ್ನಿ ಬನ್ನಿಗೂ ಓಡುವವನು ಯಾರೆಂದು ಇಡೀ ಕಟ್ಟಡಕ್ಕೆ ಗೊತ್ತು. "ಅಯ್ಯೋ ಮಾರಾಯ, ಕಾಫಿ ಕಪ್ಪೇ ತೊಳೀದೋನು ಫ್ಲಾಸ್ಕ್ ತೊಳೀತೀಯಾ?" ಎಂದು ಗುನ್ವೊರ್ ಸಮಿತಿಯೆದುರೇ ಕೇಳಿದಳು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಅನುದಾನವೇನೋ ಮಂಜೂರಾಯಿತು. ಹೆಂಡತಿ ಸಿಗ್ನೆ ಇಷ್ಟು ವರ್ಷ ಬೈದ ನನ್ನ ಸೋಮಾರಿತನ ಈಗ ದೇಶದ ಭದ್ರತೆಯ ಆಸ್ತಿ! ಹೋಲಿಸಿ ನೋಡಲು ಸದಾ ಒಂದೇ ತೆರನ ಕೊಳಕು ಬೇಕಾದ್ದರಿಂದ, ಯೋಜನೆ ಮುಗಿಯುವವರೆಗೆ ನಾನು ಸುಧಾರಿಸಕೂಡದೆಂದು ಸಮಿತಿ ಅಪ್ಪಣೆ ಮಾಡಿದೆ. ಇಂಥ ಗೌರವ ಎಷ್ಟು ವಿಜ್ಞಾನಿಗಳಿಗೆ ಸಿಕ್ಕೀತು? ಆದರೂ ಹೊಟ್ಟೆಯೊಳಗೆ ಉರಿ ಆರಿಲ್ಲ ನೋಡಿ. ಆದಕಾರಣ ನನ್ನದೊಂದು ಸೀಸೆಯನ್ನಾದರೂ ಗುನ್ವೊರಳದ್ದೆಂದು ತಪ್ಪಾಗಿ ಹೇಳುವ ಕೃಪೆ ಮಾಡಬೇಕೆಂದೂ, ಸುಳ್ಳು ಬಾರದಿದ್ದರೆ ಕಲಿಸಲು ನಾನು ಸಿದ್ಧನಿದ್ದೇನೆಂದೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಸರ್ಕಾರಿ ಮಾನ್ಯತೆ ಪಡೆದ ಕೊಳಕ,
ಸಿಕ್ಸ್ಟೆನ್ ಓಡ್ಬರ್ಗ್

ಮರೆತ ಮಾತು: ನಿನ್ನೆ ಅಪ್ಪಣೆ ಮೀರಿ, ಫಿಕಾ ತಪ್ಪಿಸಿ, ಪಾತ್ರೆಗಳನ್ನು ಫಳಫಳ ತೊಳೆದು ಒಂದು ಸೀಸೆ ತಯಾರಿಸಿದೆ. ತಾವು 'ಅಪರಿಚಿತ ವ್ಯಕ್ತಿ' ಎಂದಿರಿ. ಕಾವಲಿನವರು ಓಡಿಬಂದರು. ಅದು ನಾನೇ ಕಣ್ರಯ್ಯಾ ಎಂದು ಬಡಿದುಕೊಂಡರೂ ಒಬ್ಬರೂ ನಂಬಲಿಲ್ಲ. ಪ್ರಯೋಗಾಲಯಕ್ಕೆ ನುಗ್ಗಿದ ಆ ಅಚ್ಚುಕಟ್ಟಿನ ಮನುಷ್ಯನಿಗಾಗಿ ಇನ್ನೂ ಹುಡುಕಾಟ ನಡೆದಿದೆ. ಸಿಕ್ಕರೆ ದಯವಿಟ್ಟು ನಮ್ಮ ಮನೆಗೆ ಕಳಿಸಿಕೊಡಿ. ಮದುವೆಯಾದಂದಿನಿಂದ ಸಿಗ್ನೆ ಅವನ ದಾರಿಯನ್ನೇ ಕಾಯುತ್ತಿದ್ದಾಳೆ.