ಲೀಟರಿನ ಡಿಕ್ಕಿಯಲ್ಲಿ ಹಿಡಿಸದ ಗಾಲಿಕುರ್ಚಿ

ಕಾರು ಕಂಪನಿಯಲ್ಲಿ ಡಿಕ್ಕಿಯ ವಿನ್ಯಾಸ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥರಿಗೆ, ಅವರ ಕಾರನ್ನು ನಂಬಿ ಕೊಂಡ ಒಂದು ಮನೆಯ ಸೊಸೆ ನಾಲ್ಕು ಜನ ಓದಲೆಂದು ಬರೆಯುವುದು:

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ಆ ಕುಟುಂಬದವರ ಸಾಮಾನು ಸರಂಜಾಮೂ ಎಲ್ಲಿಗೇ ಹೊರಟರೂ ಒಂದೇ ಗಾಡಿಯಲ್ಲಿ ಹಿಡಿಸುತ್ತೀರೆಂದು ನಂಬಿ, ತಮಗೆ ನನ್ನ ಗೌರವಪೂರ್ವಕ ವಂದನೆಗಳನ್ನು ಅರ್ಪಿಸುತ್ತೇನೆ. ತಮ್ಮ ಕೃಪೆಯಿಂದ ನಾವೂ ಇಲ್ಲಿ ಕ್ಷೇಮವಾಗಿದ್ದೇವೆ. ಎಲ್ಲರೂ ಒಟ್ಟಿಗೆ ಅಲ್ಲ, ಸರದಿಯ ಮೇಲೆ.

ನಮ್ಮ ಪರಿಚಯ ತಮಗಿರಲಾರದು. ಮನೆಯಲ್ಲಿ ನಾವು ಆರು ಜನ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ನಮ್ಮ ಯಜಮಾನರದು ಕನ್ನಡಕದ ಅಂಗಡಿ, ಮೈದುನ ಲಿಫ್ಟ್ ರಿಪೇರಿ ಮಾಡುವವನು, ಮತ್ತು ಇಬ್ಬರು ಹೆಣ್ಣುಮಕ್ಕಳು ಕಿಟಕಿ ಪಕ್ಕದ ಸೀಟಿಗಾಗಿ ಇನ್ನೂ ಜುಟ್ಟು ಹಿಡಿದುಕೊಳ್ಳುವ ವಯಸ್ಸಿನವರು. ಇವರೆಲ್ಲರ ಮೇಲಧಿಕಾರಿ ನಮ್ಮತ್ತೆ. ಅವರು ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಡಿಪೋದವರು ಅವರನ್ನು ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿಲ್ಲ, ಸೀಟಿಯಮ್ಮ ಎಂದರೆ ಮುಗಿಯಿತು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರ ಓಡಾಟವೆಲ್ಲ ಗಾಲಿಕುರ್ಚಿಯ ಮೇಲೆ, ಅದೂ ನಡುಮನೆಯಿಂದ ಅಡುಗೆಮನೆಗೆ. ನಮ್ಮ ಹಳೆಯ ಪುಟ್ಟ ಕಾರಿನಲ್ಲಿ ಆ ಕುರ್ಚಿ ಹಿಡಿಸುತ್ತಿರಲಿಲ್ಲ. ಹಾಗಾಗಿ, ಇಡೀ ಊರನ್ನು ದಿನಕ್ಕೆ ಹತ್ತಾರು ಸಲ ಸುತ್ತುತ್ತಿದ್ದವರು ಆಸ್ಪತ್ರೆಯ ದಾರಿಯೊಂದನ್ನು ಬಿಟ್ಟು ಬೇರೇನನ್ನೂ ನೋಡದೆ ತಿಂಗಳುಗಳಾಗಿದ್ದವು. ಆಗಲೇ ಸುದ್ದಿ ಬಂತು: ಅವರು ದುಡಿದ ಡಿಪೋವನ್ನು ಮುಚ್ಚುತ್ತಿದ್ದಾರೆ, ಅದಕ್ಕೆ ಮುಂಚೆ ಹಳಬರನ್ನೆಲ್ಲ ಕರೆದು ಒಂದು ಸಭೆ ಮಾಡುತ್ತಾರೆ, ಸೀಟಿಯಮ್ಮ ಬಂದು ನಾಲ್ಕು ಮಾತಾಡಲೇಬೇಕು. ಅತ್ತೆ ಆ ಸಂಜೆ ಬೀರುವಿನಿಂದ ತಮ್ಮ ಖಾಕಿ ಕೋಟನ್ನು ತೆಗೆಸಿ ಇಸ್ತ್ರಿಗೆ ಕೊಟ್ಟರು. ನಾವು ಕಾರು ಹುಡುಕಲು ಹೊರಟೆವು.

ತಮ್ಮ ಜಾಹೀರಾತು ನಮ್ಮ ಕಣ್ಣಿಗೆ ಬಿದ್ದದ್ದು ಹಾಗೆ. ವಿಶಾಲವಾದ ಕುಟುಂಬದ ಕಾರು, ಏಳು ಸೀಟು, ಡಿಕ್ಕಿಯಲ್ಲಿ ಐನೂರು ಲೀಟರಿಗೂ ಮಿಕ್ಕಿದ ಜಾಗ. ಹಾಲನ್ನೂ ಎಣ್ಣೆಯನ್ನೂ ಲೀಟರಿನಲ್ಲಿ ಅಳೆಯುವುದನ್ನು ನಾನೇ ಮಕ್ಕಳಿಗೆ ಕಲಿಸುತ್ತೇನೆ. ಆದರೆ ಸೂಟ್‌ಕೇಸು, ಚಾಪೆ, ಗಾಲಿಕುರ್ಚಿಗಳನ್ನು ಕೂಡ ಲೀಟರಿನಲ್ಲಿ ಅಳೆದು ತೋರಿಸಿದ ತಮ್ಮ ಪ್ರತಿಭೆಯ ಎದುರು ನನ್ನ ಗಣಿತವೆಲ್ಲ ಬಾಲಪಾಠವೆಂದು ಒಪ್ಪಿಕೊಳ್ಳುತ್ತೇನೆ. ದುರದೃಷ್ಟಕ್ಕೆ ನಮ್ಮತ್ತೆಯ ಕುರ್ಚಿ ಗಟ್ಟಿಯಾದದ್ದು. ಸುರಿಯಲು ಬರುವುದಿಲ್ಲ.

ಶೋರೂಮಿನಲ್ಲಿ ತಮ್ಮ ಮಾರಾಟಗಾರ ಮಹಾಶಯರು ನಮ್ಮನ್ನು ಬರಮಾಡಿಕೊಂಡ ರೀತಿಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಒಳ್ಳೆಯದಾಗದು. ಅತ್ತೆಯನ್ನು ಒಂದು ಮೆತ್ತನೆಯ ಸೋಫಾದಲ್ಲಿ ಕೂರಿಸಿ, ಮೈದುನ ಆಟೋದಲ್ಲಿ ಹೇರಿ ತಂದಿದ್ದ ಅವರ ಕುರ್ಚಿಯನ್ನು ಸ್ವತಃ ಮಡಚಿ, ಡಿಕ್ಕಿಯ ಬಾಗಿಲು ತಾನಾಗಿಯೇ ಮೇಲೇಳುವಂತೆ ಗುಂಡಿ ಒತ್ತಿ, ತೊಟ್ಟಿಲಿಗೆ ಕೂಸನ್ನು ಇಳಿಸುವ ಹಾಗೆ ಇಳಿಸಿದರು. “ಇನ್ನೂ ಎರಡು ಸೂಟ್‌ಕೇಸ್ ಆರಾಮಾಗಿ ಕೂರುತ್ತೆ ಮೇಡಂ” ಎಂದರು. ಕೂರುತ್ತಿತ್ತು ಕೂಡ. ಆಮೇಲೆ ನಮ್ಮನ್ನು ಗಾಜಿನ ಕೋಣೆಗೆ ಕರೆದೊಯ್ದು ಕಾಫಿ ಕೊಡಿಸಿದರು. ಹೊರಬಂದಾಗ ಕುರ್ಚಿ ಕೆಳಗಿತ್ತು, ಕಾರಿನ ಮೂರನೆಯ ಸಾಲು ಮೇಲಿತ್ತು. ಆರೂ ಜನ ಹತ್ತಿ ಕೂತೆವು. ಮೈದುನ ಲಿಫ್ಟಿನ ಫಲಕ ಓದಿದಂತೆ ತಲೆ ಎಣಿಸಿ, ಇನ್ನೂ ಒಬ್ಬರಿಗೆ ಜಾಗವಿದೆ ಎಂದು ಘೋಷಿಸಿದ. ಮಾನ್ಯರೇ, ಎರಡು ಸತ್ಯಗಳನ್ನು ಒಂದು ಲೋಟ ಕಾಫಿಯಿಂದ ಇಷ್ಟು ನಾಜೂಕಾಗಿ ಬೇರ್ಪಡಿಸಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಅನುಮಾನ ಬಂದದ್ದು ಅತ್ತೆಗೊಬ್ಬರಿಗೇ. ಮನೆಗೆ ಬರುವಾಗ ನನ್ನ ಕಿವಿಯಲ್ಲಿ, “ಒಳಗೆ ಜಾಗ ಇದೆ, ಮುಂದೆ ಹೋಗಿ ಅಂತ ನಾನೂ ಬದುಕೆಲ್ಲ ಹೇಳಿದೀನಿ ಕಣೇ. ಆ ದನಿ ನಂಗೆ ಗೊತ್ತಾಗುತ್ತೆ” ಎಂದರು. ನಾವು ನಕ್ಕೆವು, ಕಾರು ಕೊಂಡೆವು.

ಸಭೆಯ ದಿನ ಬೆಳಿಗ್ಗೆ ಅತ್ತೆ ಎಲ್ಲರಿಗಿಂತ ಮುಂಚೆ ತಯಾರಾಗಿ, ಖಾಕಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಬಾಗಿಲ ಬಳಿ ಕುರ್ಚಿಯಲ್ಲಿ ಕಾಯುತ್ತಿದ್ದರು. ಅವರನ್ನು ನಡುವಿನ ಸಾಲಿನಲ್ಲಿ ಕೂರಿಸಿ, ಮಕ್ಕಳನ್ನು ಹಿಂದಕ್ಕೆ ಹತ್ತಿಸಿ, ಕುರ್ಚಿ ಇಡಲು ಡಿಕ್ಕಿ ತೆರೆದೆವು. ಮೂರನೆಯ ಸಾಲಿನ ಬೆನ್ನಿಗೂ ಬಾಗಿಲಿಗೂ ನಡುವೆ ತಾವು ಉಳಿಸಿಕೊಟ್ಟಿದ್ದ ಜಾಗದಲ್ಲಿ ಒಂದು ಕೊಡೆಯನ್ನು ಇಡಬಹುದಿತ್ತು. ಅದೂ ಮಡಚುವ ಕೊಡೆ. ನಮ್ಮ ಭಾಷೆಯಲ್ಲಿ ಡಿಕ್ಕಿ ಎಂದರೆ ಕಾರಿನ ಹಿಂದಿನ ಸಾಮಾನಿನ ಜಾಗವೂ ಹೌದು, ಒಂದು ವಸ್ತು ಇನ್ನೊಂದಕ್ಕೆ ಹೊಡೆಯುವುದೂ ಹೌದು. ಕುರ್ಚಿಗೆ ಮೊದಲನೆಯದು ಸಿಗಲಿಲ್ಲ, ಎರಡನೆಯದು ಧಾರಾಳವಾಗಿ ಸಿಕ್ಕಿತು. ಯಜಮಾನರು ಅದನ್ನು ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಗಾಲಿ ಬಿಚ್ಚಿ ನೋಡಿದರು. ಮೈದುನ ಭುಜ ಕೊಟ್ಟು ನೂಕಿದ. ತಮ್ಮ ಸ್ವಯಂಚಾಲಿತ ಬಾಗಿಲು ಪ್ರತಿ ಸಲವೂ ಅರ್ಧದವರೆಗೆ ಇಳಿದು, ಕುರ್ಚಿಯನ್ನು ಮುಟ್ಟಿ, ಕುಂಯ್ ಎಂದು ಕ್ಷಮೆ ಕೇಳಿ ಮತ್ತೆ ಮೇಲೇಳುತ್ತಿತ್ತು. ಇಷ್ಟು ಸಂಸ್ಕಾರವಂತ ಬಾಗಿಲನ್ನು ಮಾಡಿದ್ದಕ್ಕೆ ತಮಗೆ ಪ್ರತ್ಯೇಕ ಅಭಿನಂದನೆಗಳು.

ಶೋರೂಮಿಗೆ ಫೋನ್ ಮಾಡಿದೆ. ಮಹಾಶಯರು ಎಳ್ಳಷ್ಟೂ ಬೇಸರಿಸದೆ ವಿವರಿಸಿದರು: “ಮೇಡಂ, ಏಳು ಸೀಟು ಅಂದಿದ್ದೂ ನಿಜ, ಡಿಕ್ಕಿ ದೊಡ್ಡದು ಅಂದಿದ್ದೂ ನಿಜ. ಎರಡೂ ಒಟ್ಟಿಗೆ ಅಂತ ನಾವು ಎಲ್ಲೂ ಹೇಳಿಲ್ವಲ್ಲ.” ಹಿಂದಿನ ಸಾಲು ಅರ್ಧರ್ಧ ಮಡಚುವುದಿಲ್ಲ, ಮಲಗಿದರೆ ಇಡೀ ಸಾಲೇ ಮಲಗುತ್ತದೆ, ಆಗ ಐದೇ ಜನ ಎಂಬುದೂ ಅವರಿಂದಲೇ ತಿಳಿಯಿತು.

ಮೈದುನ, ತಾನು ಬೇರೆ ಏನಾದರೂ ಹಿಡಿದು ಬರುತ್ತೇನೆ ಎಂದ. ಅತ್ತೆ ಒಪ್ಪಲಿಲ್ಲ. “ಎಲ್ಲರೂ ಒಟ್ಟಿಗೆ ಹೋಗಬೇಕು ಅಂತ ತಾನೇ ಇಷ್ಟು ದೊಡ್ಡದು ತಗೊಂಡಿದ್ದು? ನಾನು ನಮ್ಮೋರನ್ನ ಸ್ಟಾಪಲ್ಲಿ ಬಿಟ್ಟು ಹೋಗಲ್ಲ. ಕುರ್ಚಿ ಮನೇಲಿರ್ಲಿ. ಹೊರಡಿ.” ಕುರ್ಚಿಯನ್ನು ಒಳಗಿಟ್ಟು ಬೀಗ ಹಾಕಿದೆವು.

ಮುಂದಿನದನ್ನು ಬರೆಯುವಾಗ ತಮ್ಮನ್ನು ಹೊಗಳುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ, ಮನ್ನಿಸಬೇಕು. ಡಿಪೋದ ಅಂಗಳದಲ್ಲಿ ಕಾರು ನಿಂತಾಗ ಎದುರಿಗೆ ಹಳಬರೆಲ್ಲ ಸಾಲು ಕುರ್ಚಿಗಳಲ್ಲಿ ಕೂತಿದ್ದರು. ಕೆಲವರು ನಮ್ಮ ಕಡೆ ಕತ್ತು ತಿರುಗಿಸಿ ಕೈ ಆಡಿಸಿದರು. ಮಕ್ಕಳಿಬ್ಬರೂ ಇಳಿದು ನಿಂತರು. ಅಣ್ಣ ತಮ್ಮ ಎರಡು ಕಡೆಯಿಂದ ಬಾಗಿಲು ತೆಗೆದು ಅಮ್ಮನನ್ನು ಎತ್ತಿಕೊಳ್ಳಲು ಬಗ್ಗಿದರು. ಅತ್ತೆ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. “ಬೇಡ. ನನ್ನ ಹೊತ್ಕೊಂಡು ಹೋಗೋದನ್ನ ಅವರು ನೋಡಬಾರದು.” ನಾನು ಹೋಗಿ ಅಲ್ಲಿಂದ ಒಂದು ಕುರ್ಚಿ ತರಲೇ ಎಂದೆ. “ಕುರ್ಚಿ ತಂದ್ರೂ ಎತ್ತೇ ಕೂರಿಸಬೇಕಲ್ಲ. ನೀವು ಹೋಗಿ, ನಾನು ಗಾಜಿನಿಂದಲೇ ನೋಡ್ತೀನಿ” ಎಂದರು. ಮೊಮ್ಮಕ್ಕಳು ಅಳುವ ಮುಖ ಮಾಡಿದ್ದರು. ನಾನು ಅತ್ತೆಯ ಪಕ್ಕದಲ್ಲೇ ಕೂತೆ. ಆ ಕಾರಿನೊಳಗೆ ಅಂದು ನಿಜಕ್ಕೂ ಬಹಳ ಜಾಗವಿತ್ತು.

ಅತ್ತೆ ಕತ್ತು ಹೊರಳಿಸಿ ಹಿಂದಿನ ಸಾಲನ್ನೂ ಅದರ ಆಚೆಗಿನ ಬಾಗಿಲನ್ನೂ ನೋಡಿದರು. ದೊಡ್ಡ ಮಗನನ್ನು ಕರೆದು, “ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ವೇದಿಕೆ ಹತ್ರಕ್ಕೆ ತಗೊಂಡು ಹೋಗು. ಆಮೇಲೆ ಹಿಂದಿನ ಸೀಟೆಲ್ಲ ಮಲಗಿಸು” ಎಂದರು. ಏಕೆಂದು ಕೇಳಿದ್ದಕ್ಕೆ, “ನನ್ನ ಜಾಗ ಯಾವತ್ತಿದ್ರೂ ಹಿಂದಿನ ಬಾಗಿಲೇ ಕಣೋ” ಎಂದರು. ಯಜಮಾನರು ಹಾಗೇ ಮಾಡಿದರು. ಮೂರನೆಯ ಸಾಲು ಮಲಗಿತು, ನಡುವಿನ ಸಾಲಿನಲ್ಲಿ ಅತ್ತೆಯ ಪಕ್ಕದ ಸೀಟೂ ಮಲಗಿತು, ಚಾಪೆ ಹಾಸಿದ ಹಾಗೆ ಸಮತಟ್ಟಾಯಿತು. ಅತ್ತೆ ಬೆಲ್ಟ್ ಬಿಚ್ಚಿ, ಅದರ ಮೇಲೆ ಜರುಗಿ, ಎರಡೂ ಅಂಗೈ ಊರಿಕೊಂಡು, ಯಾರನ್ನೂ ಮುಟ್ಟಲು ಬಿಡದೆ, ಉಸಿರು ಬಿಗಿಹಿಡಿದು ಇಂಚಿಂಚಾಗಿ ಹಿಂದಕ್ಕೆ ಸರಿದರು. ನೋವಾಗುತ್ತಿತ್ತು, ಕೆಳತುಟಿ ಕಚ್ಚಿದ್ದು ಕಾಣುತ್ತಿತ್ತು. ಅಂಚಿಗೆ ಬಂದು ಕಾಲು ಇಳಿಬಿಟ್ಟುಕೊಂಡು, ಕೋಟು ಸರಿಮಾಡಿಕೊಂಡು, “ಹೂಂ, ತೆಗಿ” ಎಂದರು. ಗುಂಡಿ ಒತ್ತಿದೆ.

ತಮ್ಮ ಬಾಗಿಲು ಅಂದು ನಾಟಕದ ಪರದೆಯಂತೆ ಮೆಲ್ಲಗೆ ಎದ್ದಿತು. ಆಮೇಲೆ ಮುಂದಿನ ಸಾಲಿನಿಂದ, ಅತ್ತೆಯ ಬಸ್ಸನ್ನು ವರ್ಷಾನುಗಟ್ಟಲೆ ಓಡಿಸಿದ ಮುದಿ ಡ್ರೈವರ್ ಎದ್ದು ನಿಂತು, ಸ್ಟಿಯರಿಂಗ್ ಹಿಡಿದವರಂತೆ ಕೈ ಮಾಡಿ, “ಸೀಟಿಯಮ್ಮ, ಹೊರಡೋಣವಾ?” ಎಂದು ಕೂಗಿದರು. ಅತ್ತೆ ಕೈಯೆತ್ತಿ ತಡೆದು, “ಹೋಲ್ಡಾನ್. ಇನ್ನೂ ಹತ್ತೋರಿದ್ದಾರೆ” ಎಂದರು. ಆ ನಗು, ಆ ಗದ್ದಲ ತಮ್ಮ ಕಾರ್ಖಾನೆಯವರೆಗೂ ಕೇಳಿಸಿರಬೇಕು. ಒಬ್ಬೊಬ್ಬರಾಗಿ ಬಂದು ಅವರ ಅಕ್ಕಪಕ್ಕ ಒತ್ತಿಕೊಂಡು ಕೂತರು. ಅತ್ತೆ ಭಾಷಣ ಮಾಡಿದ್ದು ಅಲ್ಲಿಂದಲೇ, ಊಟದ ತಟ್ಟೆ ಹಿಡಿದದ್ದೂ ಅಲ್ಲೇ, ಮುಚ್ಚುತ್ತಿರುವ ಡಿಪೋವನ್ನು ನೋಡಿ ಎಲ್ಲರ ಜೊತೆ ಸ್ವಲ್ಪ ಅತ್ತದ್ದೂ ಅಲ್ಲೇ. ತಮ್ಮ ಡಿಕ್ಕಿಯಲ್ಲಿ ಎಷ್ಟು ಲೀಟರ್ ಕಂಡಕ್ಟರುಗಳು ಹಿಡಿಸುತ್ತಾರೆಂದು ತಾವು ಜಾಹೀರಾತಿನಲ್ಲಿ ಧೈರ್ಯವಾಗಿ ಹಾಕಿಕೊಳ್ಳಬಹುದು. ಬೇಕಾದರೆ ನಾನೇ ಸಾಕ್ಷಿ ಹೇಳುತ್ತೇನೆ.

ಈಗ ನನ್ನ ವಿನಮ್ರ ಬೇಡಿಕೆಗಳು. ನಾವು ಹೊರಟಾಗಲೆಲ್ಲ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಕಾರಿನ ಹಿಂದೆ ಓಡಿಬರಲು ತಮ್ಮ ವಿಭಾಗದಿಂದ ಒಬ್ಬ ದಷ್ಟಪುಷ್ಟ ಎಂಜಿನಿಯರನ್ನು ಕಳುಹಿಸಿಕೊಡಬೇಕು. ಅದು ಆಗದಿದ್ದರೆ, ನಾವು ಕಾಫಿ ಕುಡಿಯುವಷ್ಟರಲ್ಲಿ ಮೂರನೆಯ ಸಾಲನ್ನು ಮಾಯಮಾಡುವ ಆ ವಿದ್ಯೆಯನ್ನು, ಮಕ್ಕಳು ಆ ಸಾಲಿನಲ್ಲಿ ಕೂತಿರುವಾಗಲೂ ಪ್ರಯೋಗಿಸಲು ನಮಗೆ ಕಲಿಸಬೇಕು. ನಾವು ದೂರು ಕೊಟ್ಟಾಗ, ಕುರ್ಚಿಯನ್ನು ಕಾರಿನ ಛಾವಣಿಯ ಮೇಲೆ ಕಟ್ಟಿಕೊಳ್ಳಿ ಎಂದ ತಮ್ಮ ಶೋರೂಮಿನ ಮ್ಯಾನೇಜರರ ಸಲಹೆಯನ್ನು ಅತ್ತೆಗೆ ತಲುಪಿಸಿದ್ದೇವೆ. ಅವರು ಮೊದಲು ಆ ಮ್ಯಾನೇಜರರನ್ನು ಕಟ್ಟಿ ನೋಡಿ, ಬಿಗಿಯಾಗಿ ನಿಂತರೆ ಆಮೇಲೆ ಯೋಚಿಸೋಣ ಎಂದಿದ್ದಾರೆ.

ಸದ್ಯಕ್ಕೆ ಮೈದುನ ಸ್ಪಾನರ್ ಹಿಡಿದು ಮೂರನೆಯ ಸಾಲನ್ನೇ ಬಿಚ್ಚಿ ನಡುಮನೆಯಲ್ಲಿ ಇಟ್ಟಿದ್ದಾನೆ. ಬಂದ ನೆಂಟರು ಅದರಲ್ಲಿ ಕೂತು ಅಭ್ಯಾಸಬಲದಿಂದ ಬೆಲ್ಟ್ ಹುಡುಕುತ್ತಾರೆ. ಕುರ್ಚಿ ಈಗ ಕಾರಿನಲ್ಲಿ ಹಾಯಾಗಿ ಕೂರುತ್ತದೆ, ಅತ್ತೆ ವಾರಕ್ಕೊಮ್ಮೆ ಹೊರಗೆ ಹೋಗುತ್ತಾರೆ, ಪ್ರತಿ ಸಲವೂ ನಮ್ಮಲ್ಲಿ ಒಬ್ಬರು ಮನೆಯಲ್ಲಿ ಉಳಿಯುತ್ತೇವೆ. ಇಂದು ನನ್ನ ಸರದಿ. ಪತ್ರ ಬರೆಯಲು ಇಷ್ಟು ಬಿಡುವು ಸಿಕ್ಕಿದ್ದಕ್ಕೂ ತಮಗೇ ಕೃತಜ್ಞಳು.

ಒಂದು ಸಲಕ್ಕೆ ಒಂದೇ ಮಾತನ್ನು ನಂಬುವ,
ತಮ್ಮ ವಿಶ್ವಾಸಿ,
ಆರನೆಯ ಪ್ರಯಾಣಿಕಳು

ತಾ.ಕ.: ಅತ್ತೆ ಡಿಕ್ಕಿಯಲ್ಲಿ ಕೂತು ಭಾಷಣ ಮಾಡುತ್ತಿರುವ ಚಿತ್ರವನ್ನು ಯಾರೋ ಹಂಚಿದ್ದು ತಮ್ಮ ಪ್ರಚಾರ ವಿಭಾಗದವರ ಕಣ್ಣಿಗೆ ಬಿದ್ದು, ಅದನ್ನು ಜಾಹೀರಾತಿಗೆ ಬಳಸಲು ಅನುಮತಿ ಕೇಳಿದ್ದಾರೆ. ಅತ್ತೆ ಸಂತೋಷದಿಂದ ಒಪ್ಪಿದ್ದಾರೆ. ಆದರೆ ಹಳೆಯ ಚಿತ್ರ ಬೇಡವಂತೆ, ಹೊಸದಾಗಿ ತೆಗೆಯಬೇಕಂತೆ: ಆರೂ ಜನ ಸೀಟಿನಲ್ಲಿ, ಕುರ್ಚಿ ಡಿಕ್ಕಿಯಲ್ಲಿ, ಬಾಗಿಲು ಮುಚ್ಚಿರಬೇಕು. ತಮ್ಮ ಛಾಯಾಗ್ರಾಹಕರು ಯಾವಾಗ ಬರುತ್ತಾರೆಂದು ತಿಳಿಸಿದರೆ ಮೂರನೆಯ ಸಾಲಿನಿಂದ ನೆಂಟರನ್ನು ಎಬ್ಬಿಸಿ ಇಟ್ಟಿರುತ್ತೇವೆ.