ಪುಟ್ಟಿಯ ಮನೆ ಸ್ಕೂಲಿಗೆ ದಾರಿ ಕೇಳಿದ್ದು

ಮಗೂನ ಸ್ಕೂಲು ಬಿಡಿಸಿದೀವಿ, ಇನ್ಮೇಲೆ ಮನೇಲೇ ಹೇಳಿಕೊಡ್ತೀವಿ ಅಂತ ಒಂದೇ ಒಂದು ಸಲ ಬೀದಿಯಲ್ಲಿ ಅಂದು ನೋಡಿ. ಆಮೇಲೆ ತಮಾಷೆಯನ್ನು ನೀವು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಗೇಟು ತೆಗೆದುಕೊಂಡು ಒಳಗೆ ಬರುತ್ತದೆ. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಸರಸ್ವತಿಪುರಂನಲ್ಲಿ ನಮ್ಮ ಮನೆ. ಎಡಕ್ಕೊಂದು ಟ್ಯುಟೋರಿಯಲ್ಲು, ಬಲಕ್ಕೊಂದು ಟ್ಯುಟೋರಿಯಲ್ಲು, ಎದುರಿಗೆ ಆ ಎರಡೂ ಕಡೆಯ ಹುಡುಗರು ದೋಸೆ ತಿನ್ನುವ ಹೋಟೆಲು. ಅಂಥಾ ಬೀದಿಯಲ್ಲಿ ಕೂತು ನಾನು ಸ್ಕೂಲು ಬೇಡ ಅಂದೆ. ಜನ ಸುಮ್ಮನಿರುತ್ತಾರೆಯೇ?

ಬಹಳ ಒಳ್ಳೇ ಹುಡುಗಿ

ನನ್ನ ಮಗಳು ಪುಟ್ಟಿಗೆ ಆಗ ಆರು ವರ್ಷ. ಸ್ಕೂಲಿಗೆ ಸೇರುವ ಮುಂಚೆ ಅವಳದು ಬಾಯಲ್ಲ, ರೇಡಿಯೋ. ಸಿಟಿ ಬಸ್ಸಿನ ಕಂಡಕ್ಟರಿಗೆ ನಮ್ಮ ಮನೆಯ ಅಷ್ಟೂ ಗುಟ್ಟು ಹೇಳಿ ಇಳಿಯುತ್ತಿದ್ದಳು. ಅಂಥವಳನ್ನು ಸ್ಕೂಲಿಗೆ ಸೇರಿಸಿದೆವು. ಅಲ್ಲಿ ಬೆಳಗಿನಿಂದ ಸಂಜೆ ತನಕ ಒಂದೇ ಮಂತ್ರ, "ಕೈ ಕಟ್! ಬಾಯ್ ಮುಚ್!" ಪುಟ್ಟಿ ಬೇರೆ ಪಾಠ ಕಲಿತಳೋ ಬಿಟ್ಟಳೋ, ಇದೊಂದನ್ನು ಮಾತ್ರ ಚೆನ್ನಾಗಿ ಕಲಿತಳು.

ಒಂದು ದಿನ ವಿಚಾರಿಸೋಣ ಅಂತ ಹೋದೆ. ಮಿಸ್ಸು ಬಾಯಿ ತುಂಬಾ ಹೊಗಳಿದರು. "ನಿಮ್ಮ ಮಗಳಂಥಾ ಒಳ್ಳೇ ಹುಡುಗಿ ನಮ್ಮ ಕ್ಲಾಸಲ್ಲೇ ಇಲ್ಲ ಕಣ್ರೀ. ಸೇರಿದಾಗಿಂದ ಒಂದು ಮಾತಾಡಿಲ್ಲ!"

ಮನೆಯಲ್ಲಿ ನಮ್ಮ ಜೊತೆ ಪಿಸಪಿಸ ಅನ್ನುತ್ತಿದ್ದಳು ನಿಜ, ಆದರೆ ಹೊರಗಿನ ದೊಡ್ಡವರು ಯಾರಾದರೂ ಬಂದರೆ ಮುಗಿಯಿತು, ಬಾಯಿಗೆ ಬೀಗ. ಅವತ್ತು ಸಂಜೆ ಹಾಲಿನವನು ಬೆಲ್ ಮಾಡಿದ. ಪುಟ್ಟಿ ಆಡುತ್ತಿದ್ದವಳು ಎದ್ದು ನಿಂತು, ಕೈಕಟ್ಟಿ, ತುಟಿಯ ಮೇಲೆ ಬೆರಳಿಟ್ಟುಕೊಂಡಳು. ನಮ್ಮ ಯಜಮಾನರು ನಕ್ಕರು. ನನಗೆ ಅಳು ಬಂತು. "ನಾಳೆಯಿಂದ ಸ್ಕೂಲು ಬೇಡ" ಅಂದುಬಿಟ್ಟೆ.

ನಮ್ಮ ಅತ್ತೆ ಸುಮ್ಮನೆ ಬಿಡುವವರಲ್ಲ. "ಸ್ಕೂಲಿಲ್ದೆ ಮಗು ಉದ್ಧಾರ ಆಗತ್ತಾ? ಸರಿ, ದಸರಾ ತನಕ ನೋಡ್ತೀನಿ. ಹಬ್ಬಕ್ಕೆ ನನ್ನ ತಮ್ಮ ಬರ್ತಾನೆ. ಅವನೆದುರು ಮಗು ನಾಲ್ಕು ಮಾತಾಡಿದ್ರೆ ಮನೇಲಿರ್ಲಿ. ಇಲ್ದಿದ್ರೆ ರಜ ಮುಗಿದ ತಕ್ಷಣ ಸ್ಕೂಲಿಗೆ!" ಅಂದರು. ಅವರ ತಮ್ಮ ಸಿದ್ಧಾರ್ಥನಗರದಲ್ಲಿದ್ದರು, ಸ್ಕೂಲ್ ಇನ್ಸ್‌ಪೆಕ್ಟರ್ ಆಗಿ ರಿಟೈರಾದವರು. ಅವರು ಕೆಮ್ಮಿದರೆ ಮೂರು ತಾಲ್ಲೂಕಿನ ಮೇಷ್ಟ್ರುಗಳು ಎದ್ದು ನಿಲ್ಲುತ್ತಿದ್ದರಂತೆ. ಹೆಡ್‌ಮಿಸ್ಸು ಬೇರೆ, ದಸರಾ ತನಕ ಸೀಟು ಹಾಗೇ ಇಟ್ಟಿರ್ತೀನಿ ಅಂದಿದ್ದರು.

"ನಾಲ್ಕೇ ಮಾತು ತಾನೇ, ಬಿಡಮ್ಮ" ಅಂದರು ನಮ್ಮ ಯಜಮಾನರು ಧೈರ್ಯವಾಗಿ. ಆ ಸೋದರಮಾವನ ಎದುರು ಇವರೇ ಇವತ್ತಿನ ತನಕ "ನಮಸ್ಕಾರ ಮಾವ", "ಬರ್ತೀನಿ ಮಾವ" ಬಿಟ್ಟು ಮೂರನೇ ಮಾತಾಡಿಲ್ಲ.

ಪುಸ್ತಕದಂಗಡಿ

ಶುರು ಮಾಡುವುದು ಹೇಗೆ ಅಂತಲೇ ನನಗೆ ಗೊತ್ತಿರಲಿಲ್ಲ. ಯಾರಾದರೂ ಬರೆದಿಟ್ಟಿರುತ್ತಾರಲ್ಲ, ಪುಸ್ತಕ ತಂದರಾಯಿತು ಅಂತ ಪೇಟೆಗೆ ಹೋದೆ. ಅಂಗಡಿಯವರು ವಯಸ್ಸಾದವರು, ಬಹಳ ಮರ್ಯಾದಸ್ಥರು.

"ಮಗೂಗೆ ಮನೇಲೇ ಪಾಠ ಹೇಳ್ಕೊಡೋಕೆ ಒಂದು ಒಳ್ಳೇ ಪುಸ್ತಕ ಬೇಕಿತ್ತು."

"ಅದಕ್ಕೇನಮ್ಮ, ಬೇಕಾದಷ್ಟಿದೆ. ಯಾವ ಕ್ಲಾಸು?"

"ಕ್ಲಾಸಿಲ್ಲ."

"ಸರಿ, ಯಾವ ಸಿಲಬಸ್ಸು?"

"ಅದೂ ಇಲ್ಲ."

"ಹೋಗಲಿ, ಯಾವ ಸ್ಕೂಲು ಹೇಳಿ, ನಾನೇ ನೋಡಿ ಕೊಡ್ತೀನಿ."

"ಸ್ಕೂಲೇ ಇಲ್ಲ."

ಅವರು ಕನ್ನಡಕ ತೆಗೆದರು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ಫೇಲಾ?" ಅಂದರು.

ಫೇಲಾಗೋಕೆ ಪರೀಕ್ಷೇನೇ ಇಲ್ಲ ಅಂತ ಬಿಡಿಸಿ ಹೇಳಿದೆ. ಪಾಪ, ಆ ಮನುಷ್ಯ ಗಿರಾಕೀನ ಬರಿಗೈಲಿ ಕಳಿಸುವವರಲ್ಲ. ಏಣಿ ಹತ್ತಿ, ಕಪಾಟೆಲ್ಲ ತಡಕಿ, ಧೂಳು ಕೊಡವಿಕೊಂಡು ಇಳಿದರು. "ಮನೇಲೇ ಮಾಡೋದು ಅಂತ ನಮ್ಮ ಹತ್ರ ಇರೋದು ಇವೆರಡೇ ಕಣಮ್ಮ. ಒಂದು ಮನೆಮದ್ದು, ಇನ್ನೊಂದು ಉಪ್ಪಿನಕಾಯಿ."

ಉಪ್ಪಿನಕಾಯಿ ತಗೊಂಡೆ. ಪುಟ್ಟಿ ಅಕ್ಷರ ಕೂಡಿಸಿಕೊಂಡು ಓದಿದ ಮೊದಲ ಪದ "ಇಂಗು".

ಕಾಗೆಗೆ ಕಾದದ್ದು

ನಮ್ಮ ಯಜಮಾನರಿಗೆ ಸೈಬರ್ ಕೆಫೆಯ ಹುಚ್ಚು ಹತ್ತಿದ್ದ ಕಾಲ ಅದು. "ಅಮೆರಿಕದಲ್ಲಿ ಲಕ್ಷಾಂತರ ಜನ ಮನೇಲೇ ಓದಿಸ್ತಾರಂತೆ, ಎಲ್ಲಾ ಕಂಪ್ಯೂಟರ್ನಲ್ಲಿದೆ" ಅಂತ ಒಂದು ಶನಿವಾರ ಹೋಗಿ ಕೂತರು. ಒಂದು ಪುಟ ತೆರೆಯುವುದರೊಳಗೆ ಎದುರಿನ ಹೋಟೆಲಲ್ಲಿ ಒಂದು ಕಾಫಿ ಮುಗಿಯುತ್ತಿತ್ತಂತೆ. ಕೊನೆಗೆ ಯಾವಳೋ ಪುಣ್ಯಾತ್ಗಿತ್ತಿ ಅಮೆರಿಕದ ಅಮ್ಮ ಬರೆದದ್ದನ್ನೆಲ್ಲ ಪ್ರಿಂಟು ಹಾಕಿಸಿಕೊಂಡು, ಗೆದ್ದು ಬಂದವರ ಹಾಗೆ ಬಂದರು.

ಓದಿದೆವು. ಹಿಮದಲ್ಲಿ ಬೊಂಬೆ ಮಾಡಿಸಿ ಅಂತ ಇತ್ತು. ಹಿತ್ತಿಲಿನ ಕುದುರೆಗೆ ಮಗುವಿನ ಕೈಯಿಂದ ಹುಲ್ಲು ಹಾಕಿಸಿ ಅಂತ ಇತ್ತು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಏನೂ ಇಲ್ಲ. ಕೊನೆಗೆ ನಮ್ಮ ಕೈಲಾಗುವಂಥದ್ದು ಒಂದು ಸಿಕ್ಕಿತು. ಹಕ್ಕಿಗಳಿಗೆ ತಿಂಡಿ ಇಟ್ಟು, ಮನೆಯವರೆಲ್ಲ ದೂರ ನಿಂತು ಮೌನವಾಗಿ ನೋಡಿ, ಮಗು ತಾನಾಗೇ ಪ್ರಶ್ನೆ ಕೇಳುತ್ತದೆ ಅಂತ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಕಾಂಪೌಂಡಿನ ಮೇಲೆ ಬಾಳೆ ಎಲೆಯಲ್ಲಿ ಅನ್ನ ಇಟ್ಟು, ಮೂವರೂ ಮಾತಿಲ್ಲದೆ ನಿಂತೆವು. ಪುಟ್ಟಿ ಅಭ್ಯಾಸಬಲದಿಂದ ಕೈಕಟ್ಟಿಕೊಂಡಳು. ಒಂದು ಗುಬ್ಬಿಯೂ ಬರಲಿಲ್ಲ. ಪಕ್ಕದ ಮನೆ ಅಜ್ಜಿ ರಂಗೋಲಿ ಬಟ್ಟಲು ಹಿಡಿದು ಆಚೆ ಬಂದವರು ನಮ್ಮನ್ನು ನೋಡಿ ನಿಂತುಬಿಟ್ಟರು. ಬಟ್ಟಲು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹತ್ತಿರ ಬಂದರು.

"ಕಾಗೆ ಮುಟ್ಟಲಿಲ್ವಾ?" ಅಂದರು.

"ಇನ್ನೂ ಇಲ್ಲ" ಅಂದರು ನಮ್ಮ ಯಜಮಾನರು.

"ಅಯ್ಯೋ ಪಾಪ. ಏನೋ ಆಸೆ ಉಳ್ಕೊಂಡಿರ್ಬೇಕು. ಅವರಿಗೆ ಇಷ್ಟವಾಗಿದ್ದೇನು ಅಂತ ಜ್ಞಾಪಿಸ್ಕೊಂಡು ಅದನ್ನಿಡಿ. ಹೋದೋರು ಯಾರಪ್ಪ?"

ನಾನು ಬಾಯಿ ತೆರೆಯುವುದರೊಳಗೆ ಅಜ್ಜಿ ತಮ್ಮ ಅಡುಗೆಮನೆಗೆ ಹೋಗಿ ಒಂದು ಉದ್ದಿನವಡೆ ತಂದು ಎಲೆಯ ಮೇಲಿಟ್ಟರು. ಎಲ್ಲಿದ್ದವೋ, ನಾಲ್ಕು ಕಾಗೆ ಒಟ್ಟಿಗೇ ಬಂದವು. ಅಜ್ಜಿ ಕಣ್ಣೊರೆಸಿಕೊಂಡು, "ತೃಪ್ತಿಯಾಯ್ತು ಬಿಡಿ, ಇನ್ನು ನೀವೂ ಊಟ ಮಾಡಿ" ಅಂತ ಹೊರಟುಹೋದರು. ಪುಟ್ಟಿ ತಾನಾಗೇ ಪ್ರಶ್ನೆ ಕೇಳಿದಳು, ನನ್ನ ಕಿವಿಯಲ್ಲಿ, "ಅಮ್ಮ, ಸತ್ತಿದ್ದು ಯಾರು?"

ಹಾಜರಿ

ಇದಾದ ಮೇಲೆ ನಮ್ಮ ಅತ್ತೆ, "ಅಮೆರಿಕ ಸಾಕು" ಅಂತ ಹಿಂದಿನ ರಸ್ತೆಯ ರಿಟೈರ್ಡ್ ಹೆಡ್‌ಮಾಸ್ಟರನ್ನು ಕರೆಸಿದರು. ಬಹಳ ಸಂಭಾವಿತರು. ಇಂಥಾ ಮನೆಪಾಠವೇ ನಿಜವಾದ ಪಾಠ ಅಂತ ನನ್ನ ಬೆನ್ನು ತಟ್ಟಿದರು. ನನಗೆ ಜೀವ ಬಂದ ಹಾಗಾಯಿತು. ಮಾರನೇ ದಿನ ಬರುವಾಗ ಒಂದು ಹಾಜರಿ ಪುಸ್ತಕ, ಒಂದು ಕೈಗಂಟೆ ತಂದರು.

ಗಂಟೆ ಬಾರಿಸಿದರು. ಪ್ರಾರ್ಥನೆ ಅವರೇ ಹಾಡಿಕೊಂಡರು. ಆಮೇಲೆ ಕೂತು, ಕನ್ನಡಕ ಹಾಕಿಕೊಂಡು, "ನಂಬರ್ ಒಂದು!" ಅಂತ ಕೂಗಿದರು. ನಮ್ಮ ನಡುಮನೆಯಲ್ಲಿ ಇದ್ದಿದ್ದೇ ನಂಬರ್ ಒಂದು. ಅದು ಮೂಲೆಯಲ್ಲಿ ಕೈಕಟ್ಟಿ ನಿಂತಿತ್ತು.

"ಪ್ರೆಸೆಂಟ್ ಅನ್ಬೇಕು" ಅಂದರು. ಪುಟ್ಟಿ ಅನ್ನಲಿಲ್ಲ. ಮೇಷ್ಟ್ರು ನಿಧಾನಕ್ಕೆ ಪೆನ್ನು ತೆಗೆದು, ಆಬ್ಸೆಂಟ್ ಅಂತ ಹಾಕಿದರು.

"ಸಾರ್, ಎದುರಿಗೇ ಇದಾಳಲ್ಲ!" ಅಂದೆ.

"ಇದ್ರೆ ಆಯ್ತೇನಮ್ಮ? ಹೇಳ್ಬೇಕು. ರೂಲ್ಸು ಅಂದ್ಮೇಲೆ ರೂಲ್ಸು."

ವಾರವೆಲ್ಲ ಹೀಗೇ ನಡೆಯಿತು. ಶನಿವಾರ ಮೇಷ್ಟ್ರು ನನ್ನನ್ನು ಕರೆದು, ಮಗು ವಾರವಿಡೀ ಗೈರುಹಾಜರಾಗಿದೆ, ಪೋಷಕರ ರಜಾ ಚೀಟಿ ಬೇಕು ಅಂದರು. ನನಗೂ ರೇಗಿತ್ತು. ಅಲ್ಲೇ ಬರೆದುಕೊಟ್ಟೆ: "ಮಾನ್ಯರೇ, ನನ್ನ ಮಗಳು ಈ ವಾರ ಮನೆಯಲ್ಲೇ ಇದ್ದ ಕಾರಣ ಮನೆಗೆ ಬರಲಾಗಲಿಲ್ಲ. ದಯವಿಟ್ಟು ಮನ್ನಿಸಬೇಕು."

ಮೇಷ್ಟ್ರು ಎರಡು ಸಲ ಓದಿ, ಗಂಭೀರವಾಗಿ, "ಕಾರಣ ಸಮಂಜಸವಾಗಿದೆ" ಅಂತ ಬರೆದು ಸಹಿ ಹಾಕಿದರು.

ಶ್ರೀರಾಂಪುರದ ಸ್ವತಂತ್ರರು

ದಸರಾ ಹತ್ತಿರ ಬರುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಆಗ ಯಾರೋ ಹೇಳಿದರು, ಶ್ರೀರಾಂಪುರದ ಹೊಸ ಲೇಔಟಿನಲ್ಲಿ ಒಂದು ಸಂಸಾರವಿದೆ, ಅವರ ಎರಡು ಮಕ್ಕಳೂ ಸ್ಕೂಲಿನ ಮೆಟ್ಟಿಲೇ ಹತ್ತಿಲ್ಲ ಅಂತ. ಪುಟ್ಟಿಯನ್ನು ಕರೆದುಕೊಂಡು ಆಟೋ ಹತ್ತಿದೆ.

ಆ ಮನೆಯ ಯಜಮಾನರು ಸ್ವಾತಂತ್ರ್ಯದ ಬಗ್ಗೆ ಮಾತು ಶುರು ಮಾಡಿದರು. ಮಗು ಹಾರುವ ಹಕ್ಕಿ, ಬೆಲ್ಲು ಅದಕ್ಕೆ ಬಲೆ, ಯೂನಿಫಾರಂ ಅದಕ್ಕೆ ಪಂಜರ ಅಂದರು. ಅವರು ಮಾತಾಡುತ್ತಿದ್ದ ಹಾಗೇ ಅವರ ಎರಡು ಹಕ್ಕಿಗಳು ಸೋಫಾದ ಮೇಲಿಂದ ನನ್ನ ತಲೆಯ ಮೇಲೆ ಹಾರಿ ಆಚೆ ಬೀಳುತ್ತಿದ್ದವು. ಯಜಮಾನರ ಮಾತು ಅರ್ಧ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಮಕ್ಕಳು ಪುಟ್ಟಿಯನ್ನು ಒಳಕೋಣೆಗೆ ಎಳೆದುಕೊಂಡು ಹೋದವು. "ನೀನು ನಿಜವಾದ ಸ್ಕೂಲು ನೋಡಿದೀಯಂತೆ! ಬೆಲ್ಲು ಹೊಡೀತಾರಂತೆ, ಹೌದಾ? ವಾಟರ್ ಬಾಟಲ್ ಇತ್ತಾ ನಿಂಗೆ?" ಅಂತ ಮುತ್ತಿಕೊಂಡವು. ಆಮೇಲೆ ಒಳಗಿನಿಂದ ಸದ್ದೇ ಇಲ್ಲ. ಮನೆ ಗಪ್‌ಚಿಪ್. ಗಾಬರಿಯಾಗಿ ನಾನೂ ಆ ಮಕ್ಕಳ ತಾಯಿಯೂ ಬಾಗಿಲಿಂದ ಇಣುಕಿದೆವು. ಆ ಮಕ್ಕಳಿಬ್ಬರೂ ಗೋಡೆಗೆ ಒರಗಿ, ಕೈಕಟ್ಟಿ, ಬಾಯಿ ಮೇಲೆ ಬೆರಳಿಟ್ಟು, ಖುಷಿಯಿಂದ ಕಣ್ಣರಳಿಸಿಕೊಂಡು ನಿಂತಿದ್ದಾರೆ. ಎದುರಿಗೆ ಪುಟ್ಟಿ, ಮಿಸ್ಸಿನ ಹಾಗೆ.

ಆ ತಾಯಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. "ಪುಸ್ತಕ, ಕಂಪ್ಯೂಟರ್ ಎಲ್ಲಾ ಆಮೇಲೆ. ಮನೇಲಿ ಅವಳು ಯಾರ ಜೊತೆ ಜಾಸ್ತಿ ಮಾತಾಡ್ತಾಳೆ ನೋಡಿ, ಅವರ ಜೊತೇಲಿ ಬಿಡಿ. ಶುರು ಮಾಡೋಕೆ ಅಷ್ಟೇ ಸಾಕು" ಅಂದರು. ಅಷ್ಟು ದಿನ ತಿರುಗಿದ್ದಕ್ಕೆ ಸಿಕ್ಕಿದ ಒಳ್ಳೇ ಮಾತು ಅದೊಂದೇ. ನನ್ನ ಕಣ್ಣು ತುಂಬಿ ಬಂತು.

ಅವರು ಬಾಗಿಲ ತನಕ ಬಂದು, ಗಂಡನಿಗೆ ಕೇಳಿಸದ ಹಾಗೆ ನನ್ನ ಕೈ ಹಿಡಿದುಕೊಂಡು ಕೇಳಿದರು, "ಎರಡು ದಿನ ನಿಮ್ಮ ಮಗಳನ್ನ ಇಲ್ಲೇ ಬಿಟ್ಟು ಹೋಗ್ತೀರಾ?"

ಇನ್ಸ್‌ಪೆಕ್ಷನ್ನು

ಮನೆಯಲ್ಲಿ ಪುಟ್ಟಿ ಜಾಸ್ತಿ ಪಿಸುಗುಟ್ಟುತ್ತಿದ್ದದ್ದು ನಮ್ಮ ಅತ್ತೆಯ ಹತ್ತಿರ. ವಿರೋಧ ಪಕ್ಷದ ನಾಯಕಿಯ ಹತ್ತಿರ! ಬೇರೆ ದಾರಿಯಿಲ್ಲದೆ ಅವರನ್ನೇ ಕೇಳಿದೆ. "ನಾನೇನು ಮೇಷ್ಟ್ರಾ? ನಂಗೆ ದಸರಾ ಗೊಂಬೆ ಒರೆಸೋ ಕೆಲಸ ಬೆಟ್ಟದಷ್ಟಿದೆ" ಅಂದರು. "ಹಾಗಾದ್ರೆ ಅವಳೂ ಒರೆಸ್ಲಿ ಬಿಡಿ" ಅಂದೆ.

ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಒಂದೊಂದು ಗೊಂಬೆ ಒರೆಸುವಾಗಲೂ ಅತ್ತೆ ಒಂದೊಂದು ಕಥೆ ಹೇಳುತ್ತಿದ್ದರು. ಪುಟ್ಟಿ ತಿರುಗಿಸಿ ಹೇಳುತ್ತಿದ್ದಳು, ದಿನದಿನಕ್ಕೂ ಸ್ವಲ್ಪ ಜೋರಾಗಿ. ಮೆಟ್ಟಿಲಿಗೆಷ್ಟು ಗೊಂಬೆ, ಯಾವ ಸಾಲಿಗೆ ಯಾವುದು ಅಂತ ಲೆಕ್ಕ ಅವಳದೇ. ಗೊಂಬೆ ಕೂರಿಸಿದ ದಿನ ಅತ್ತೆ ಒಂದು ಕಟ್ಟುಪಾಡು ಮಾಡಿದರು. ಗೊಂಬೆ ನೋಡೋಕೆ ಬಂದ ಮಕ್ಕಳು ಹಾಡೋ, ಪದ್ಯವೋ, ಮಗ್ಗಿಯೋ ಏನಾದರೂ ಹೇಳಬೇಕು, ಆಮೇಲೇ ತಿಂಡಿ. ಚಕ್ಕುಲಿ ಡಬ್ಬದ ಅಧಿಕಾರ ಪುಟ್ಟಿಗೆ.

ಇನ್ಸ್‌ಪೆಕ್ಟರ್ ಮಾವ ಒಂದು ಸಂಜೆ ಬಂದರು. ಕೂತವರೇ, ಸದ್ದಿಲ್ಲದೆ ಡಬ್ಬದಿಂದ ಒಂದು ಚಕ್ಕುಲಿ ತೆಗೆದುಕೊಂಡು, "ಏನಮ್ಮ, ನಿನ್ನ ಹೆಸರೇನು?" ಅಂದರು. ಪುಟ್ಟಿಯಿಂದ ಮಾತಿಲ್ಲ. "ಏನು ಕಲ್ತಿದೀಯಾ?" ಮಾತಿಲ್ಲ. ಅವರು ಅಕ್ಕನ ಕಡೆ ತಿರುಗಿ ತಲೆಯಾಡಿಸಿದರು. ನಮ್ಮ ಯಜಮಾನರು "ನಮಸ್ಕಾರ ಮಾವ" ಅಂದು ಮುಗಿಸಿಕೊಂಡಿದ್ದರು.

ಅಷ್ಟರಲ್ಲಿ ಬೀದಿಯ ಮಕ್ಕಳ ದಂಡು, "ಗೊಂಬೆ ಕೂರ್ಸಿದೀರಾ?" ಅಂತ ಕೂಗುತ್ತಾ ಒಳಗೆ ನುಗ್ಗಿತು. ಮನೆ ಸಂತೆಯಾಯಿತು. ಮಾವನಿಗೆ ಎಷ್ಟೋ ವರ್ಷದ ಅಭ್ಯಾಸ ನೋಡಿ, ಎದ್ದು ನಿಂತು ಗುಡುಗಿದರು, "ಏಯ್! ಕೈ ಕಟ್! ಬಾಯ್ ಮುಚ್!"

ಅಷ್ಟೂ ಮಕ್ಕಳು ಕೈಕಟ್ಟಿದವು. ಪುಟ್ಟಿಯ ಕೈಯೂ ಮೇಲೆದ್ದಿತು. ಬೆರಳು ಇನ್ನೇನು ತುಟಿಗೆ ಹೋಗಬೇಕು. ಆಯ್ತಲ್ಲ, ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮ ಅಂದುಕೊಂಡೆ. ಪುಟ್ಟಿ ತನ್ನ ಅಜ್ಜಿಯನ್ನು ನೋಡಿದಳು. ಡಬ್ಬ ನೋಡಿದಳು. ಕೈ ಇಳಿಸಿದಳು.

"ತಾತ, ಇಲ್ಲಿ ಬಾಯ್ ಮುಚ್ಚೋ ಹಾಗಿಲ್ಲ. ಬಾಯ್ ಮುಚ್ಚಿದ್ರೆ ಚಕ್ಲಿ ಇಲ್ಲ. ನೀವು ಏನೂ ಹೇಳ್ದೇನೇ ತಿಂತಿದೀರಾ!"

ಎಷ್ಟು ಜೋರಾಗಿ ಅಂದಳೆಂದರೆ ಪಕ್ಕದ ಮನೆ ಅಜ್ಜಿ ಕಿಟಕಿ ತೆಗೆದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ, ಅಳುವೋ ನಗುವೋ ನನಗೇ ಗೊತ್ತಿಲ್ಲ. ಮಕ್ಕಳೆಲ್ಲ, "ಹೌದು ತಾತ, ಹೇಳ್ಲೇಬೇಕು!" ಅಂತ ಶುರುಮಾಡಿದವು. ಮಾವ ಸುತ್ತ ನೋಡಿದರು, ಅರ್ಧ ಚಕ್ಕುಲಿ ಕೈಲಿದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಇನ್ಸ್‌ಪೆಕ್ಟರ್ ಅಂದಮೇಲೆ ಸಣ್ಣದು ಹೇಳಿದರೆ ಮರ್ಯಾದೆ ಉಳಿಯುತ್ತದೆಯೇ? ಗಂಟಲು ಸರಿಮಾಡಿಕೊಂಡು ಹತ್ತೊಂಬತ್ತರ ಮಗ್ಗಿಗೆ ಕೈಹಾಕಿದರು.

"ಹತ್ತೊಂಬತ್ತೊಂದ್ಲ ಹತ್ತೊಂಬತ್ತು. ಹತ್ತೊಂಬತ್ತೆರಡ್ಲ ಮೂವತ್ತೆಂಟು..." ಐದರ ತನಕ ಗತ್ತಿನಿಂದ ಬಂದರು. ಆರಕ್ಕೆ ನಿಧಾನವಾದರು. "ಹತ್ತೊಂಬತ್ತೇಳ್ಲ... ಹತ್ತೊಂಬತ್ತೇಳ್ಲ..." ಅಂತ ಜಂತೆ ನೋಡಿದರು. ಜಂತೆಯಲ್ಲಿ ಉತ್ತರ ಇರಲಿಲ್ಲ.

ಪುಟ್ಟಿ ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು, "ಬರ್ದಿದ್ರೆ ಪರ್ವಾಗಿಲ್ಲ ತಾತ. ಅಳ್ಬೇಡಿ. ನಮ್ಮನೇಲಿ ಬೈಯಲ್ಲ, ಹೊಡಿಯಲ್ಲ." ಅಂದು ಇನ್ನೊಂದು ಚಕ್ಕುಲಿ ಕೊಟ್ಟಳು.

ಮಾವ ಚಕ್ಕುಲಿ ನೋಡಿದರು, ಮಗೂನ ನೋಡಿದರು, ಅಕ್ಕನ ಮುಖ ನೋಡಿದರು. ನಾನೂ ಅತ್ತೆಯ ಮುಖವನ್ನೇ ನೋಡಿದೆ. ತೀರ್ಪು ಬರಬೇಕಾದ್ದು ಅಲ್ಲಿಂದ ತಾನೇ.

ಅತ್ತೆ ಗೊಂಬೆಗಳ ದೀಪ ಸರಿಮಾಡುತ್ತಾ, ತಿರುಗಿ ಕೂಡ ನೋಡದೆ ಅಂದರು, "ನಾನು ಆವಾಗ್ಲೇ ಹೇಳಿದ್ನಲ್ಲಮ್ಮ, ರಜ ಮುಗಿದ ತಕ್ಷಣ ಸೇರಿಸ್ಲೇಬೇಕು ಅಂತ. ನಮ್ಮನೆ ಸ್ಕೂಲಿಗೆ ಇವನನ್ನೂ ಸೇರಿಸ್ಕೋ. ಪಾಪ, ಇಷ್ಟು ವರ್ಷ ಸ್ಕೂಲು ಸ್ಕೂಲು ತಿರುಗಿ ಮಗು ಏನೂ ಕಲ್ತಿಲ್ಲ."